ನಿಷೇಧಕ್ಕೂ ಒಂದು ತಾರೀಖು ಇರಲಿ

2015ರ ಸೆಪ್ಟೆಂಬರ್ 3ರಂದು ನ್ಯೂಜಿಲೆಂಡಿನಲ್ಲಿ ಒಂದು ಕಾದಂಬರಿಯನ್ನು ಮಾರುವುದು, ಗ್ರಂಥಾಲಯದಿಂದ ಎರವಲು ಕೊಡುವುದು, ಅಂಗಡಿಯಲ್ಲಿ ಕಾಣುವಂತೆ ಇಡುವುದು, ಕಡೆಗೆ ಗೆಳೆಯನಿಗೆ ಓದಲು ಕೊಡುವುದೂ ಅಪರಾಧವಾಯಿತು. ವ್ಯಕ್ತಿಗೆ 3,000 ಡಾಲರ್ ದಂಡ, ಅಂಗಡಿಗೋ ಸಂಸ್ಥೆಗೋ ಆದರೆ 10,000. ಅಕ್ಟೋಬರ್ 14ರಂದು ಆ ತಡೆ ಎದ್ದಿತು. ಲೆಕ್ಕ ಹಾಕಿದರೆ 41 ದಿನ.

ನಾನು ಈಗ ನೆಲೆಸಿರುವುದು ಈ ದೇಶದಲ್ಲಿ. ಇಲ್ಲಿಂದ ಕರ್ನಾಟಕದ ಕಡೆ ತಿರುಗಿದಾಗ ನನ್ನನ್ನು ಕಾಡುವುದು ಆ 41ರ ಪಕ್ಕದಲ್ಲಿ ನಿಲ್ಲುವ ಇನ್ನೊಂದು ಲೆಕ್ಕ. ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಯನ್ನು ಕರ್ನಾಟಕ ಸರ್ಕಾರ 1997ರ ಏಪ್ರಿಲ್‌ನಲ್ಲಿ ಮುಟ್ಟುಗೋಲು ಹಾಕಿಕೊಂಡಿತು. ಅದು ಸರಿಯೋ ತಪ್ಪೋ ಎಂಬ ಕೊನೆಯ ಮಾತು ಸುಪ್ರೀಂ ಕೋರ್ಟಿನಿಂದ ಬಂದದ್ದು 2007ರ ಮೇ ತಿಂಗಳಲ್ಲಿ. ಹತ್ತು ವರ್ಷ. ಎರಡೂ ಪ್ರಶಸ್ತಿ ಪಡೆದ ಕೃತಿಗಳು. ನ್ಯೂಜಿಲೆಂಡಿನದು 2013ರಲ್ಲಿ ಆ ದೇಶದ ಮಕ್ಕಳ ಪುಸ್ತಕ ಪ್ರಶಸ್ತಿಗಳಲ್ಲಿ ವರ್ಷದ ಪುಸ್ತಕವಾಗಿತ್ತು. ‘ಧರ್ಮಕಾರಣ’ಕ್ಕೆ 1995ನೇ ಸಾಲಿನ ಅತ್ಯುತ್ತಮ ಕೃತಿಯೆಂದು ಕರ್ನಾಟಕ ಸಾಹಿತ್ಯ ಅಕಾಡೆಮಿಯ ಮನ್ನಣೆ ಸಿಕ್ಕಿತ್ತು. ಒಂದು ಕೈ ಹಾರ ಹಾಕಿತು, ಇನ್ನೊಂದು ಕೈ ಬೀಗ ಹಾಕಿತು.

ಇಲ್ಲಿನ ಕಾದಂಬರಿಯ ಹೆಸರು ‘ಇಂಟು ದ ರಿವರ್’, ಬರೆದವರು ಟೆಡ್ ಡಾವ್, ವೃತ್ತಿಯಲ್ಲಿ ಮೇಷ್ಟ್ರು. ತೆ ಅರೆಪಾ ಎಂಬ ಮಾವೊರಿ (ಇಲ್ಲಿನ ಮೂಲನಿವಾಸಿ) ಹುಡುಗ ಪೂರ್ವ ಕರಾವಳಿಯ ತನ್ನ ಊರಿನಿಂದ ವಿದ್ಯಾರ್ಥಿವೇತನ ಗೆದ್ದು ಆಕ್ಲೆಂಡಿನ ವಸತಿ ಶಾಲೆಗೆ ಬರುತ್ತಾನೆ. ಅಲ್ಲಿ ಅವನ ಹೆಸರೇ ಡೆವನ್ ಎಂದಾಗುತ್ತದೆ. ದೊಡ್ಡ ಹುಡುಗರ ಕಾಟ, ಜನಾಂಗದ ಹೀಯಾಳಿಕೆ, ಮಾದಕ ವಸ್ತು, ಲೈಂಗಿಕ ಅನುಭವ ಎಲ್ಲವೂ ಕಥೆಯಲ್ಲಿವೆ. ಆಕ್ಷೇಪ ಎದ್ದದ್ದು ಲೈಂಗಿಕ ಸನ್ನಿವೇಶ, ಬೈಗುಳ ಮತ್ತು ಮಾದಕ ವಸ್ತುಗಳ ಬಗ್ಗೆ.

ಇಲ್ಲಿ ಸಿನಿಮಾ ಬಿಡುಗಡೆಗೆ ಮೊದಲೇ ಪ್ರಮಾಣಪತ್ರ ಬೇಕು, ಪುಸ್ತಕಕ್ಕೆ ಬೇಡ. 1993ರ ವರ್ಗೀಕರಣ ಕಾಯ್ದೆಯ ಪ್ರಕಾರ ಯಾರಾದರೂ ದೂರು ತಂದಾಗ ಮಾತ್ರ ಪುಸ್ತಕ ವರ್ಗೀಕರಣ ಕಚೇರಿಯ ಮೇಜಿಗೆ ಬರುತ್ತದೆ. ಕಚೇರಿ ಓದಿ, ಕಾರಣ ಬರೆದು ತೀರ್ಮಾನ ಕೊಡುತ್ತದೆ. ಒಪ್ಪದವರು ಪ್ರತ್ಯೇಕವಾದ ಮರುಪರಿಶೀಲನಾ ಮಂಡಳಿಗೆ ಹೋಗಬಹುದು. ಸಾರ್ವಜನಿಕ ಹಿತಕ್ಕೆ ಹಾನಿಯಾಗುವ ಸಂಭವ ಇದೆಯೇ ಎಂಬುದು ಮೂಲ ಪ್ರಶ್ನೆ. ಅದನ್ನು ಅಳೆಯುವಾಗ ಇಡೀ ಕೃತಿಯ ಪ್ರಧಾನ ಪರಿಣಾಮ ಏನು, ಸಾಹಿತ್ಯವಾಗಿ ಅದರ ಯೋಗ್ಯತೆ ಏನು, ಅದನ್ನು ಓದುವವರು ಯಾರು ಎಂಬುದನ್ನೆಲ್ಲ ಗಮನಿಸಲೇಬೇಕೆಂದು ಕಾಯ್ದೆಯೇ ಹೇಳುತ್ತದೆ.

2013ರಲ್ಲಿ ಕಚೇರಿ ‘ಪ್ರೌಢ ಓದುಗರಿಗೆ’ ಎಂಬ ಸೂಚನೆ ಕೊಟ್ಟು ಪುಸ್ತಕವನ್ನು ಎಲ್ಲರಿಗೂ ಬಿಟ್ಟಿತು. ನೈತಿಕತೆಯ ಪರ ಹೋರಾಡುವ ಸಂಘಟನೆಗಳು ಮಂಡಳಿಗೆ ಹೋದವು. ಮಂಡಳಿ ಆ ವರ್ಷದ ಡಿಸೆಂಬರ್‌ನಲ್ಲಿ 14 ವರ್ಷದ ಗೆರೆ ಎಳೆಯಿತು. ಕೇಳಲು ಇದು ಮೃದುವಾದ ತೀರ್ಮಾನ. ಗ್ರಂಥಾಲಯದಲ್ಲಿ ಅದು ಹೇಗೆ ಕೆಲಸ ಮಾಡುತ್ತದೆ ಎಂದು ಯೋಚಿಸಿ. ಮಕ್ಕಳ ಕಪಾಟಿನಲ್ಲಿ ಇಡುವಂತಿಲ್ಲ, ಕೊಡುವ ಮೊದಲು ವಯಸ್ಸು ಕೇಳಬೇಕು, ತಪ್ಪಿದರೆ ಹೊಣೆ ಗ್ರಂಥಪಾಲಕರದು. ಹದಿಮೂರರವರೂ ಹದಿನೈದರವರೂ ಒಟ್ಟಿಗಿರುವ ಶಾಲೆಯಲ್ಲಿ ಇಷ್ಟೆಲ್ಲ ಗೊಡವೆ ಯಾರಿಗೆ ಬೇಕು? ಪುಸ್ತಕಗಳ ಕಡೆ ತಿರುಗಿಯೂ ನೋಡದ ಹುಡುಗರಿಗಾಗಿಯೇ ಬರೆದ ಕಾದಂಬರಿ ಅದು. ಆ ಹುಡುಗರು ಕೌಂಟರ್ ಹತ್ತಿರ ಹೋಗಿ ಹೆಸರು ಹೇಳಿ ಕೇಳಿ ಪಡೆಯುತ್ತಾರೆಂದು ನನಗಂತೂ ಅನಿಸುವುದಿಲ್ಲ. ವಯಸ್ಸಿನ ಗೆರೆಯನ್ನು ನಿಷೇಧವಲ್ಲ ಎಂದು ತಳ್ಳಿಹಾಕುವವರು ಈ ಭಾಗವನ್ನು ಮರೆಯುತ್ತಾರೆ.

2015ರಲ್ಲಿ ಆಕ್ಲೆಂಡ್ ಗ್ರಂಥಾಲಯಗಳೇ ಅರ್ಜಿ ಹಾಕಿ ಮರುಪರಿಶೀಲನೆ ಕೇಳಿದವು. ಆಗಸ್ಟ್‌ನಲ್ಲಿ ಕಚೇರಿ ಗೆರೆ ಅಳಿಸಿತು. ‘ಫ್ಯಾಮಿಲಿ ಫಸ್ಟ್’ ಸಂಘಟನೆ ಮತ್ತೆ ಮಂಡಳಿಯ ಬಾಗಿಲು ತಟ್ಟಿತು. ವಿಚಾರಣೆ ಮುಗಿಯುವವರೆಗೆ ಎಂದು ಮಂಡಳಿಯ ಅಧ್ಯಕ್ಷರು ಮಧ್ಯಂತರ ತಡೆ ಹಾಕಿದರು. ಕಾಯ್ದೆ ಬಂದ 22 ವರ್ಷಗಳಲ್ಲಿ ಪುಸ್ತಕವೊಂದಕ್ಕೆ ಇಂಥ ತಡೆ ಬಿದ್ದದ್ದು ಅದೇ ಮೊದಲು.

ಕಾಯ್ದೆಯ ದೊಡ್ಡ ತೂತು ಇರುವುದು ಇಲ್ಲಿ. ಮಧ್ಯಂತರ ಆಜ್ಞೆ ಹೊರಡಿಸಲು ಅಧ್ಯಕ್ಷರೊಬ್ಬರೇ ಸಾಕು, ಇಡೀ ಮಂಡಳಿ ಕೂರಬೇಕಿಲ್ಲ. ಅದರ ಪರಿಣಾಮವೋ ಪೂರ್ತಿ ನಿಷೇಧ. ಹದಿನಾಲ್ಕರ ಒಳಗಿನವರಿಗೆ ಬೇಡ ಎಂಬ ವಾದವನ್ನು ತೂಗುವ ಹೊತ್ತಿನಲ್ಲಿ ನಲವತ್ತರ ಓದುಗನಿಗೂ ಪುಸ್ತಕ ಸಿಗದಂತಾಯಿತು. ಆಕ್ಲೆಂಡ್, ವೆಲಿಂಗ್ಟನ್‌ಗಳಲ್ಲಿ ಜನ ಸಾರ್ವಜನಿಕ ಜಾಗಗಳಲ್ಲಿ ಕೂತು ಮೌನವಾಗಿ ಓದಿ ಪ್ರತಿಭಟಿಸಿದರು. ಮಂಡಳಿ ಬಹುಮತದಿಂದ ಎಲ್ಲ ನಿರ್ಬಂಧವನ್ನೂ ತೆಗೆಯಿತು. ಅಧ್ಯಕ್ಷರು ಭಿನ್ನಮತ ಬರೆದರು, ಅದೂ ದಾಖಲೆಯಲ್ಲಿದೆ.

ಆ ಭಿನ್ನಮತ ನನಗೆ ಒಪ್ಪಿಗೆಯಿಲ್ಲ. ಆದರೂ ಅದು ಓದಲು ಸಿಗುತ್ತದೆ ಎಂಬುದಕ್ಕೆ ನಾನು ತುಂಬ ಬೆಲೆ ಕೊಡುತ್ತೇನೆ. ಯಾರು ಆಕ್ಷೇಪಿಸಿದರು, ಯಾರು ಯಾವ ದಿನ ಏನು ತೀರ್ಮಾನಿಸಿದರು ಎಂಬುದು ಇಲ್ಲಿ ಯಾರಿಗೂ ಗುಟ್ಟಲ್ಲ.

ಈಗ ನಮ್ಮ ಕಡೆಗೆ. ಅಪರಾಧ ಪ್ರಕ್ರಿಯಾ ಸಂಹಿತೆಯ 95ನೇ ಸೆಕ್ಷನ್, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 98ನೇ ಸೆಕ್ಷನ್ ಆಗಿದೆ. ಸಂಖ್ಯೆ ಬದಲಾಯಿತೇ ಹೊರತು ಹುರುಳು ಅದೇ. ಅಶ್ಲೀಲತೆ, ಧಾರ್ಮಿಕ ಭಾವನೆಗೆ ಧಕ್ಕೆ, ಗುಂಪುಗಳ ನಡುವೆ ದ್ವೇಷ ಮುಂತಾದ ಅಪರಾಧವಾಗುವಂಥ ವಿಷಯ ಪುಸ್ತಕದಲ್ಲಿದೆ ಎಂದು ರಾಜ್ಯ ಸರ್ಕಾರಕ್ಕೆ ಕಂಡರೆ ಸಾಕು, ತನ್ನ ಅಭಿಪ್ರಾಯಕ್ಕೆ ಆಧಾರಗಳನ್ನು ಬರೆದು ಅಧಿಸೂಚನೆ ಹೊರಡಿಸಬಹುದು. ಅಲ್ಲಿಗೆ ಎಲ್ಲ ಪ್ರತಿಗಳೂ ಸರ್ಕಾರಕ್ಕೆ ಮುಟ್ಟುಗೋಲು. ದೇಶದ ಯಾವ ಮೂಲೆಯಲ್ಲಿ ಪ್ರತಿ ಕಂಡರೂ ಪೊಲೀಸರು ವಶಪಡಿಸಿಕೊಳ್ಳಬಹುದು. ನಮ್ಮಲ್ಲಿ ಮಂಡಳಿಯಿಲ್ಲ, ಮೊದಲು ಓದುವ ಕಚೇರಿಯಿಲ್ಲ, ವಯಸ್ಸಿನ ಮೆಟ್ಟಿಲಿಲ್ಲ. ಇದ್ದರೆ ಪೂರ್ತಿ, ಇಲ್ಲದಿದ್ದರೆ ಇಲ್ಲವೇ ಇಲ್ಲ. ಮುಖ್ಯವಾಗಿ, ಲೇಖಕನನ್ನಾಗಲಿ ಪ್ರಕಾಶಕನನ್ನಾಗಲಿ ಕರೆದು ಕೇಳಬೇಕೆಂದು ಆ ಸೆಕ್ಷನ್ ಹೇಳುವುದಿಲ್ಲ.

‘ಧರ್ಮಕಾರಣ’ದ ಮೇಲಿನ ಆಕ್ಷೇಪ ಕಾಗದದ ಮೇಲೆ ಧಾರ್ಮಿಕ ಭಾವನೆಯದು. ಆದರೆ ಜಗಳ ಸುತ್ತಿದ್ದು ಮುಖ್ಯವಾಗಿ 12ನೇ ಅಧ್ಯಾಯವನ್ನು, ಬಸವಣ್ಣನ ಅಕ್ಕ ನಾಗಮ್ಮನನ್ನೂ ಚೆನ್ನಬಸವಣ್ಣನ ಹುಟ್ಟನ್ನೂ ಕಾದಂಬರಿ ಕಂಡ ಬಗೆಯನ್ನು. ಒಬ್ಬ ಹೆಣ್ಣಿನ ಶೀಲದ ಪ್ರಶ್ನೆ ಭಕ್ತಿಯ ಪ್ರಶ್ನೆಯಾಗಿ ಬಟ್ಟೆ ಬದಲಿಸಿಕೊಂಡಿತು ಎಂದೇ ನಾನು ಓದಿಕೊಳ್ಳುತ್ತೇನೆ. ಬರಗೂರು ರಾಮಚಂದ್ರಪ್ಪ ಅವರ ಹೆಸರಿನಲ್ಲಿ ನಡೆದ ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಆಜ್ಞೆಯನ್ನೇ ಎತ್ತಿಹಿಡಿಯಿತು. ಅದರಲ್ಲಿ ನನಗೆ ಅತಿ ಭಾರವಾಗಿ ಕಾಣುವ ಸಾಲು ರುಜುವಾತಿನ ಹೊಣೆಯದು. ಸರ್ಕಾರಕ್ಕೆ ಮೇಲ್ನೋಟಕ್ಕೆ ಮೂಡಿದ ಅಭಿಪ್ರಾಯ ತಪ್ಪೆಂದು ತೋರಿಸಬೇಕಾದವನು ಅರ್ಜಿದಾರ. ಬೀಗ ಹಾಕಿದವನು ಕಾರಣ ಸಾಬೀತುಮಾಡಬೇಕಿಲ್ಲ, ಬಾಗಿಲ ಹೊರಗೆ ನಿಂತವನು ಬೀಗ ಬೇಡವೆಂದು ಸಾಬೀತುಮಾಡಬೇಕು.

ಅಶ್ಲೀಲತೆಯ ಅಳತೆಗೋಲು ನಮ್ಮಲ್ಲಿ ಬದಲಾಗುತ್ತ ಬಂದಿದೆ ಎಂಬುದನ್ನೂ ಹೇಳಬೇಕು. 1964ರಲ್ಲಿ ‘ಲೇಡಿ ಚಾಟರ್ಲೀಸ್ ಲವರ್’ ಎಂಬ ಇಂಗ್ಲಿಷ್ ಕಾದಂಬರಿ ಮಾರಿದ್ದಕ್ಕೆ ಮುಂಬಯಿಯ ಪುಸ್ತಕದಂಗಡಿಯ ಪಾಲುದಾರರಿಗೆ ಬಿದ್ದ 20 ರೂಪಾಯಿ ದಂಡವನ್ನು ಸುಪ್ರೀಂ ಕೋರ್ಟ್ ಖಾಯಂ ಮಾಡಿತು. ಹಳೆಯ ಇಂಗ್ಲಿಷ್ ಅಳತೆ ಅದು: ಕೆಡುವ ಮನಸ್ಸಿನವರ ಕೈಗೆ ಸಿಕ್ಕರೆ ಕೆಡಿಸಬಹುದೇ? 1969ರ ತಿದ್ದುಪಡಿ ಸಾಹಿತ್ಯ, ಕಲೆ, ವಿಜ್ಞಾನಕ್ಕೆ ವಿನಾಯಿತಿ ತಂದಿತು. 2014ರಲ್ಲಿ ಅದೇ ಕೋರ್ಟ್ ಹಳೆಯ ಅಳತೆಯನ್ನು ಕೈಬಿಟ್ಟು, ಇಡೀ ಕೃತಿಯನ್ನು ಇಂದಿನ ಸಮುದಾಯದ ಕಣ್ಣಿನಿಂದ ನೋಡಬೇಕೆಂದಿತು. ಅಂದರೆ ನಿಯಮದ ಮಾತಿನಲ್ಲಿ ನ್ಯೂಜಿಲೆಂಡಿಗೂ ನಮಗೂ ಈಗ ಅಂತರ ಹೆಚ್ಚಿಲ್ಲ. ಅಂತರ ಇರುವುದು ಕಾಲದಲ್ಲಿ. ಬಂಗಾಳಿಯ ಸಮರೇಶ್ ಬಸು ಅವರ ‘ಪ್ರಜಾಪತಿ’ಯ ಮೇಲೆ 1968ರಲ್ಲಿ ದೂರು, 1985ರಲ್ಲಿ ಖುಲಾಸೆ. ಹದಿನೇಳು ವರ್ಷ ಒಬ್ಬ ಬರಹಗಾರ ಆರೋಪ ಹೊತ್ತು ತಿರುಗಿದರು.

ಇದಕ್ಕಿಂತಲೂ ನನಗೆ ಭಯ ಹುಟ್ಟಿಸುವುದು ಕಾಗದವೇ ಇಲ್ಲದ ನಿಷೇಧ. 2015ರ ಜನವರಿಯಲ್ಲಿ ತಮಿಳುನಾಡಿನ ನಾಮಕ್ಕಲ್‌ನಲ್ಲಿ ಅಧಿಕಾರಿಗಳು ‘ಶಾಂತಿ ಸಭೆ’ ಕರೆದು, ತಮಿಳು ಕಾದಂಬರಿಕಾರ ಪೆರುಮಾಳ್ ಮುರುಗನ್ ಅವರಿಂದ ಬೇಷರತ್ ಕ್ಷಮೆಯನ್ನೂ ಅವರ ಕಾದಂಬರಿಯ ಪ್ರತಿಗಳನ್ನು ಹಿಂಪಡೆಯುವ ಮಾತನ್ನೂ ಬರೆಸಿಕೊಂಡರು. ಅಧಿಸೂಚನೆಯಿಲ್ಲ, ಸೆಕ್ಷನ್ನಿಲ್ಲ, ಆದ್ದರಿಂದ ಮೇಲ್ಮನವಿಯ ದಾರಿಯೂ ಇಲ್ಲ. ಆ ಒಪ್ಪಂದ ಯಾರನ್ನೂ ಕಟ್ಟಿಹಾಕದು ಎಂದು ಮದ್ರಾಸ್ ಹೈಕೋರ್ಟ್ ಹೇಳುವ ಹೊತ್ತಿಗೆ 2016ರ ಜುಲೈ ಬಂದಿತ್ತು. 1988ರಲ್ಲಿ ಸಲ್ಮಾನ್ ರಶ್ದಿ ಅವರ ಕಾದಂಬರಿ ‘ದಿ ಸಟಾನಿಕ್ ವರ್ಸಸ್’ ಆಮದನ್ನು ತಡೆದ ಅಧಿಸೂಚನೆಯ ಕಥೆ ಇನ್ನೊಂದು ಬಗೆಯದು. ಅದನ್ನು ಪ್ರಶ್ನಿಸಿ ಅರ್ಜಿ ಬಂದಾಗ ಯಾವ ಇಲಾಖೆಯೂ ಪ್ರತಿಯನ್ನು ತೋರಿಸಲಾಗಲಿಲ್ಲ. ಅಂಥ ಅಧಿಸೂಚನೆ ಇಲ್ಲವೆಂದೇ ಭಾವಿಸಬೇಕಾಗುತ್ತದೆ ಎಂದು 2024ರ ನವೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಹುಡುಕಿದರೂ ಸಿಗದ ಒಂದು ಹಾಳೆಗೆ ಹೆದರಿ ಅಂಗಡಿಗಳು 36 ವರ್ಷ ಆ ಪುಸ್ತಕ ತರಿಸಲಿಲ್ಲ.

ನೈತಿಕತೆಯ ಬಗ್ಗೆ ಸಮಾಜ ಒಂದೇ ಮಾತಾಡುವುದು ಎಂದಿಗೂ ಸಾಧ್ಯವಿಲ್ಲ, ಆಗಬೇಕಾಗಿಯೂ ಇಲ್ಲ. ತಾಯ್ತಂದೆಯರ ಆತಂಕವನ್ನು ನಾನು ಹಗುರ ಮಾಡುವುದಿಲ್ಲ. ನನ್ನ ತಕರಾರು ಸರ್ಕಾರದ ಕೈಯಲ್ಲಿರುವ ಬೀಗದ ಬಗ್ಗೆ. ಮುಟ್ಟುಗೋಲಿಗೆ ಮೊದಲು ಲೇಖಕನಿಗೆ ನೋಟಿಸು ಹೋಗಬೇಕು. ಸರ್ಕಾರದಾಚೆಗಿನ ಒಂದು ಸಮಿತಿ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಬರಹದಲ್ಲಿ ಅಭಿಪ್ರಾಯ ಕೊಡಬೇಕು, ಏಕೆಂದರೆ ಕಚೇರಿಗಳಿಗೆ ಬಂದು ಬೀಳುವುದು ಗೆರೆ ಎಳೆದ ನಾಲ್ಕು ಜೆರಾಕ್ಸ್ ಹಾಳೆ, ಪುಸ್ತಕವಲ್ಲ. ಆಜ್ಞೆಗೆ ಮುಗಿಯುವ ದಿನ ಇರಬೇಕು. ಆರು ತಿಂಗಳಲ್ಲಿ ಹೈಕೋರ್ಟ್ ಎತ್ತಿಹಿಡಿಯದಿದ್ದರೆ ಅದು ತಾನಾಗಿ ಬಿದ್ದುಹೋಗಲಿ. ರುಜುವಾತಿನ ಹೊಣೆ ಸರ್ಕಾರದ ಮೇಲೆ ಬರಲಿ. ಇದರಲ್ಲಿ ಬಹುಪಾಲಿಗೆ ಕಾಯ್ದೆ ತಿದ್ದಬೇಕು, ಸುಲಭವಲ್ಲ ಎಂದು ಗೊತ್ತು. ನೋಟಿಸು ಕೊಡುವುದಕ್ಕೆ ಮತ್ತು ಓದಿಸುವುದಕ್ಕೆ ಮಾತ್ರ ಯಾವ ತಿದ್ದುಪಡಿಯೂ ಬೇಕಿಲ್ಲ. ನಾಳೆಯಿಂದಲೇ ಕರ್ನಾಟಕ ಸರ್ಕಾರ ಶುರುಮಾಡಬಹುದು.

ಅಲ್ಲಿಯವರೆಗೆ, ಮುಂದಿನ ಅಧಿಸೂಚನೆ ಬಂದ ದಿನ ಲೇಖಕರು, ಪ್ರಕಾಶಕರು ಮಾಡಬೇಕಾದ ಮೊದಲ ಕೆಲಸ ಗೆಜೆಟ್ ಪ್ರತಿ ತರಿಸಿಕೊಳ್ಳುವುದು. ಅದರಲ್ಲಿ ಸೆಕ್ಷನ್ನಿನ ಸಂಖ್ಯೆ ಮಾತ್ರ ಇದೆಯೇ, ಯಾವ ಭಾಗ ಯಾಕೆ ಆಕ್ಷೇಪಾರ್ಹ ಎಂಬ ಆಧಾರವೂ ಇದೆಯೇ ನೋಡಿ. ಆಧಾರ ಹೇಳದ ಆಜ್ಞೆ ನಿಲ್ಲುವುದಿಲ್ಲವೆಂದು 1961ರಲ್ಲೂ 1976ರಲ್ಲೂ ಉತ್ತರ ಪ್ರದೇಶದ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅರ್ಜಿ ಹೋಗಬೇಕಾದದ್ದು ನೇರವಾಗಿ ಹೈಕೋರ್ಟಿಗೆ, ಕೇಳುವುದು ವಿಶೇಷ ಪೀಠ. ಗೆಜೆಟ್‌ನಲ್ಲಿ ಪ್ರಕಟವಾದ ದಿನದಿಂದ ಎರಡೇ ತಿಂಗಳ ಗಡುವು.