ಮನೆಯೊಳಗಿನ ಬಹುವಚನ

ಇಂಗ್ಲಿಷಿನಲ್ಲಿ ಬಹುವಚನ ಸುಲಭ, ಕೊನೆಗೊಂದು 'ಎಸ್' ಅಂಟಿಸಿದರೆ ಮುಗಿಯಿತು ಅಂತ ಮೇಷ್ಟ್ರು ಪಾಠ ಶುರು ಮಾಡುತ್ತಾರೆ. ಕ್ಯಾಟ್ ಕ್ಯಾಟ್ಸ್, ಬುಕ್ ಬುಕ್ಸ್. ಮಕ್ಕಳು ಖುಷಿಯಾಗಿ ತಲೆಯಾಡಿಸುತ್ತಿರುವಾಗಲೇ ಫುಟ್ ಹೋಗಿ ಫೀಟ್ ಆಗುತ್ತದೆ, ಮೌಸ್ ಹೋಗಿ ಮೈಸ್ ಆಗುತ್ತದೆ. ಶೀಪ್ ಮಾತ್ರ ಒಂದಿದ್ದರೂ ನೂರಿದ್ದರೂ ಶೀಪೇ. ಯಾಕೆ ಹೀಗೆ ಅಂತ ಕೇಳಿದರೆ, ಬಾಯಿಪಾಠ ಮಾಡು ಅನ್ನುವುದೇ ಉತ್ತರ.

ಆ ಬಾಯಿಪಾಠದ ಪಟ್ಟಿಯನ್ನು ಒಮ್ಮೆ ಸುಮ್ನೆ ನೋಡಿ. ಮ್ಯಾನ್, ವುಮನ್, ಚೈಲ್ಡ್. ಫುಟ್, ಟೂತ್. ಮೌಸ್, ಲೌಸ್, ಗೂಸ್, ಆಕ್ಸ್. ಗಂಡಸು, ಹೆಂಗಸು, ಮಗು, ಪಾದ, ಹಲ್ಲು, ಇಲಿ, ಹೇನು, ಹೆಬ್ಬಾತು, ಎತ್ತು. ಹಳೇ ಕಾಲದ ರೈತನೊಬ್ಬನ ಮನೆ, ಹಿತ್ತಿಲು, ಕೊಟ್ಟಿಗೆ ಎಲ್ಲ ಇಷ್ಟರಲ್ಲೇ ಬಂದುಹೋಯಿತು, ಅಲ್ವಾ? ತಲೆಯ ಹೇನನ್ನೂ ಬಿಟ್ಟಿಲ್ಲ.

ಸಾವಿರ ವರ್ಷದ ಹಿಂದೆ ಇಂಗ್ಲಿಷಿನಲ್ಲಿ ಬಹುವಚನಕ್ಕೆ ಹಲವು ದಾರಿಗಳಿದ್ದವು. 'ಎಸ್' ಅವುಗಳಲ್ಲಿ ಒಂದು ಅಷ್ಟೇ. ಫೀಟ್ ಆದ ಬಗೆ ಕೇಳಿ. ಇನ್ನೂ ಹಿಂದೆ ಆ ಪದದ ಬಹುವಚನದ ತುದಿಯಲ್ಲಿ ಒಂದು ಇಕಾರ ಇತ್ತು. ಅದನ್ನು ಹೇಳಲು ನಾಲಿಗೆ ಮೊದಲೇ ತಯಾರಾಗಿ, ನಡುವಿನ 'ಓ'ವನ್ನು 'ಏ' ಕಡೆಗೆ ಎಳೆದುಬಿಟ್ಟಿತು. ಆಮೇಲೆ ಇಕಾರ ಉದುರಿಹೋಯಿತು, ಅದು ಮಾಡಿದ ಕಿತಾಪತಿ ಉಳಿಯಿತು. ಬುಕ್ ಪದವೂ ಇದೇ ಬಳಗದ್ದು. ಆಗ ಅದರ ಬಹುವಚನ 'ಬೇಚ್'. ಹಾಗೇ ಮುಂದುವರಿದಿದ್ದರೆ ನಾವಿವತ್ತು ಲೈಬ್ರರಿಯಿಂದ ನಾಲ್ಕು 'ಬೀಚ್' ತರುತ್ತಿದ್ದೆವು.

ದಿನಾ ಬಾಯಲ್ಲಿ ಆಡುವ ಪದ ಹಳೇ ಚಾಳಿ ಬಿಡುವುದಿಲ್ಲ. ಮಗು ನಿಯಮ ಕಲಿಯುವ ಮೊದಲೇ ಅದನ್ನು ನೂರು ಸಲ ಕೇಳಿರುತ್ತದೆ. ಅಪರೂಪಕ್ಕೆ ಬರುವ ಪದವನ್ನು ನೆನಪಿಟ್ಟುಕೊಳ್ಳುವವರು ಯಾರು? ಅದಕ್ಕೆ 'ಎಸ್' ಅಂಟುತ್ತದೆ. ಹಾಗಾದರೆ ಕಣ್ಣು ದಿನಬಳಕೆಯದಲ್ಲವೇ, ಅದರ ಹಳೇ 'ನ್' ಬಹುವಚನ ಹೋಗಿ 'ಐಸ್' ಯಾಕಾಯಿತು ಅಂದರೆ, ಭಾಷೆ ಅಷ್ಟೊಂದು ಲೆಕ್ಕಾಚಾರದ್ದಲ್ಲ.

ಈ ಬದಲಾವಣೆಯ ನಡುವೆ ಸಿಕ್ಕಿಬಿದ್ದವರ ಕಥೆ ಹೇಳಿದವನು ಇಂಗ್ಲೆಂಡಿಗೆ ಅಚ್ಚುಮೊಳೆ ತಂದ ವಿಲಿಯಂ ಕ್ಯಾಕ್ಸ್‌ಟನ್. 1490ರಲ್ಲಿ ತಾನು ಅಚ್ಚು ಹಾಕಿದ ಒಂದು ಪುಸ್ತಕದ ಮುನ್ನುಡಿಯಲ್ಲಿ ಬರೆದಿದ್ದಾನೆ. ಥೇಮ್ಸ್ ನದಿಯಲ್ಲಿ ಹಡಗು ಹತ್ತಿದ್ದ ವ್ಯಾಪಾರಿಗಳು ಗಾಳಿ ಬೀಸದೆ ದಡಕ್ಕೆ ಇಳಿದರು. ಒಬ್ಬ ಅಲ್ಲಿನ ಮನೆಯೊಡತಿಯ ಹತ್ತಿರ ಮೊಟ್ಟೆ ಬೇಕು ಅಂತ 'ಎಗ್ಸ್' ಕೇಳಿದ. ಆಕೆ, ನನಗೆ ಫ್ರೆಂಚ್ ಬರೋದಿಲ್ಲ ಅಂದಳು. ಅವನಿಗೆ ಸಿಟ್ಟು ಬಂತು. ಪಾಪ, ಅವನಿಗೂ ಫ್ರೆಂಚ್ ಬರುತ್ತಿರಲಿಲ್ಲ! ಕೊನೆಗೆ ಇನ್ನೊಬ್ಬ 'ಐರೆನ್' ಅಂದಾಗ ಆಕೆಗೆ ಅರ್ಥವಾಯಿತು. ಅದೂ ಮೊಟ್ಟೆಗಳೇ. ಗೆದ್ದದ್ದು ಮಾತ್ರ ಉತ್ತರದ ಜನ ತಂದ ಎಗ್ಸ್.

ಈ ಐರೆನ್ ಬಾಲದಲ್ಲಿ ಇನ್ನೊಂದು ತಮಾಷೆ ಇದೆ. ಅದರಲ್ಲಿನ 'ರ್' ಆಗಲೇ ಬಹುವಚನದ ಗುರುತು. ಜನಕ್ಕೆ ಅದು ಸಾಲದೆ ಮೇಲೊಂದು 'ಎನ್' ಹಾಕಿದರು. ಚಿಲ್ಡ್ರನ್ ಆದದ್ದೂ ಹೀಗೇ. ಮೊದಲು 'ಚಿಲ್ಡರ್' ಅಂದರೇ ಮಕ್ಕಳು. ನಗುವ ಮೊದಲು ನಮ್ಮ ಮನೆ ನೋಡಿಕೊಳ್ಳೋಣ. ಕನ್ನಡದಲ್ಲೂ ಮಗುವಿನ ಬಹುವಚನ ನೆಟ್ಟಗೆ 'ಮಗುಗಳು' ಅಲ್ಲ, ಮಕ್ಕಳು. ಅದೂ ಸಾಲದೆ ಮದುವೆ ಮನೆಯಲ್ಲಿ ಯಾರಾದರೂ ಕೂಗುತ್ತಾರೆ: "ಮೊದಲು ಮಕ್ಕಳುಗಳಿಗೆ ಬಡಿಸ್ರೀ!"