ವಾಪಸ್ ಬರ್ತೀರಾ, ಗ್ಯಾರಂಟಿಯಾ?

ಆ ಸುದ್ದಿ ನೀವೂ ಓದಿದ್ದೀರಿ. 2024ರಲ್ಲಿ ಷೆಂಗೆನ್ ವೀಸಾಕ್ಕೆ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೇ ನಡೆಯುವ ವೀಸಾಕ್ಕೆ, ನಮ್ಮ ದೇಶದಿಂದ ಹೋದ ಅರ್ಜಿ ಸುಮಾರು 11 ಲಕ್ಷ, ಅದರಲ್ಲಿ 1.65 ಲಕ್ಷ ತಿರಸ್ಕೃತ. ಶುಲ್ಕ ತಲೆಗೆ 80 ಯೂರೋ ಇದ್ದದ್ದು ಆ ಜೂನ್‌ನಲ್ಲಿ 90 ಆಯಿತು. ವೀಸಾ ಕೊಟ್ಟರೂ ದುಡ್ಡು ಹೋಯಿತು, ಕೊಡದಿದ್ದರೂ ಹೋಯಿತು. ಗುಣಿಸಿ ನೋಡಿದರೆ ‘ಇಲ್ಲ’ ಎಂಬ ಎರಡಕ್ಷರ ಮಾರಿ ಆ ದೇಶಗಳು ಸಂಪಾದಿಸಿದ್ದು ನೂರು ಕೋಟಿ ರೂಪಾಯಿಗೂ ಮೇಲೆ. ಜಾತ್ರೆಯ ಬಳೆ ಎಸೆಯುವ ಅಂಗಡಿಯಲ್ಲಾದರೂ ಅಪರೂಪಕ್ಕೊಂದು ಸೋಪು ಸಿಗುತ್ತದೆ ಮಾರಾಯ್ರೆ.

ಆದರೂ ಮಂಗಳೂರಿನವರ ಉತ್ಸಾಹ ಕುಗ್ಗಿಲ್ಲ. ಪ್ಯಾಕೇಜ್ ಟೂರ್ ಬೇಡ, ಬೆಳಗ್ಗೆ ಐದಕ್ಕೆ ಎಬ್ಬಿಸಿ ಬಸ್ಸಿಗೆ ತುಂಬಿಸುತ್ತಾರೆ, ನಾವೇ ಪ್ಲ್ಯಾನ್ ಮಾಡಿಕೊಂಡು ಸ್ವತಂತ್ರವಾಗಿ ಹೋಗೋಣ ಎನ್ನುತ್ತಾರೆ. ಒಳ್ಳೆಯದೇ. ಈ ಸ್ವತಂತ್ರ ಪ್ರವಾಸಕ್ಕೆ ಬೇಕಾದದ್ದು ಇಷ್ಟೇ: ಯಾವ ರಾತ್ರಿ ಯಾವ ಊರಲ್ಲಿ ಯಾವ ಹಾಸಿಗೆಯಲ್ಲಿ ಮಲಗುತ್ತೀರಿ ಎಂದು ಮೊದಲೇ ಬರೆದುಕೊಡಬೇಕು. ರೋಮ್ 3 ರಾತ್ರಿ, ಫ್ಲಾರೆನ್ಸ್ 2, ವೆನಿಸ್ 2, ಪ್ರಾಗ್ 3, ಪ್ಯಾರಿಸ್ 3. ಹೆಚ್ಚು ರಾತ್ರಿ ಯಾವ ದೇಶದಲ್ಲೋ ಅರ್ಜಿ ಆ ದೇಶಕ್ಕೆ. ಇಟಲಿಗೆ ಏಳು ಬಂತು, ಹಾಗಾಗಿ ಅರ್ಜಿ ಇಟಲಿಗೇ. ರಾತ್ರಿಗಳು ಸಮ ಬಂದರೆ ಮೊದಲು ಕಾಲಿಡುವ ದೇಶಕ್ಕೆ. ಏಪ್ರಿಲ್-ಮೇ ತಿಂಗಳಿಗೆ ಇಟಲಿಗೆ ಅರ್ಜಿ ಕೊಡುವ ಸ್ಲಾಟ್ ಸಿಗದಾಗ ಜನ ಏನು ಮಾಡುತ್ತಾರೆ? ಸ್ಲಾಟ್ ಎಲ್ಲಿದೆಯೋ ಆ ದೇಶದ ರಾತ್ರಿ ಹೆಚ್ಚಿಸುತ್ತಾರೆ. ಮೈಕೆಲ್ಯಾಂಜೆಲೊ ನೋಡಬೇಕೆಂದು ಹೊರಟವರು ಗೊತ್ತೇ ಇಲ್ಲದ ಊರಲ್ಲಿ ಆರು ದಿನ ಹೋಟೆಲ್ ಬುಕ್ ಮಾಡಿ, ಅಲ್ಲಿನ ಕೋಟೆಯ ಬಗ್ಗೆ ತಮಗೆ ಬಾಲ್ಯದಿಂದಲೂ ಅಪಾರ ಆಸಕ್ತಿ ಎಂದು ಕವರ್ ಲೆಟರ್ ಬರೆಯುತ್ತಾರೆ. ಅಧಿಕಾರಿಗಳೂ ದಡ್ಡರಲ್ಲ. ಆಮೇಲೆ ಬುಕಿಂಗ್ ರದ್ದಾದದ್ದು ಕಂಡರೆ ಕೊಟ್ಟ ವೀಸಾವನ್ನೂ ವಾಪಸ್ ಪಡೆಯಬಹುದು.

ವಿಮಾನದ ಟಿಕೆಟ್ ವಿಷಯ ಇನ್ನೂ ಚಂದ. ವೀಸಾ ಸಿಗುವ ತನಕ ಟಿಕೆಟ್ ಕೊಳ್ಳಬೇಡಿ ಎಂದು ಅವರೇ ಎಚ್ಚರಿಸುತ್ತಾರೆ, ಹೋಗಿಬರುವ ಟಿಕೆಟ್‌ನ ರಿಸರ್ವೇಶನ್ ತನ್ನಿ ಎಂದೂ ಅವರೇ ಕೇಳುತ್ತಾರೆ. ಈ ಎರಡು ವಾಕ್ಯಗಳ ನಡುವಿನ ಸಂದಿಯಲ್ಲಿ ‘ಡಮ್ಮಿ ಟಿಕೆಟ್’ ಎಂಬ ಗೃಹಕೈಗಾರಿಕೆ ಹುಟ್ಟಿಕೊಂಡಿದೆ.

ಇನ್ನು ದಾಖಲೆ. ಮೂರು ವರ್ಷದ ಆದಾಯ ತೆರಿಗೆ ರಿಟರ್ನ್, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, 30,000 ಯೂರೋಗೆ ಕಡಿಮೆಯಿಲ್ಲದ ಆರೋಗ್ಯ ವಿಮೆ. ಅರ್ಜಿಗೆ ನಾಲ್ಕು ದಿನ ಮೊದಲು ದುಬಾಯಿಯ ಭಾವನಿಂದ ಖಾತೆಗೆ ಐದು ಲಕ್ಷ ಬಂದು ಕೂತಿದ್ದರೆ ಅದು ಬಲ ಅಲ್ಲ, ಬಲೆ. ಆರು ತಿಂಗಳು ಸುಮ್ಮನೆ ಮಲಗಿರುವ ಎರಡು ಲಕ್ಷಕ್ಕಿರುವ ಮರ್ಯಾದೆ ನಿನ್ನೆ ಬಂದ ಐದು ಲಕ್ಷಕ್ಕಿಲ್ಲ. ಪುತ್ತೂರು, ಕಾರ್ಕಳ ಕಡೆಯ ಅಡಿಕೆ ಕೃಷಿಕರ ಪಾಡು ಬೇರೆಯೇ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ರಿಟರ್ನ್‌ನಲ್ಲಿ ತೋರಿಸಲು ಏನೂ ಇಲ್ಲ. ಹಾಗಾಗಿ ಜಮೀನಿನ ಆರ್‌ಟಿಸಿ (ಪಹಣಿ) ಲಗತ್ತಿಸುತ್ತಾರೆ. ಅದನ್ನು ಇಂಗ್ಲಿಷಿಗೆ ಅನುವಾದಿಸುವವನು ‘ಕುಮ್ಕಿ’ (ಪಟ್ಟಾ ಜಮೀನಿಗೆ ತಾಗಿ ಕೃಷಿಕರು ಅನುಭವಿಸುವ ಜಾಗ) ಬಂದಲ್ಲಿ ಪೆನ್ನು ಕೆಳಗಿಡುತ್ತಾನೆ. ಕುಮ್ಕಿ ಎಂದರೇನು, ಅದು ಯಾರದ್ದು ಎಂಬುದು ನಮ್ಮ ಕಂದಾಯ ಇಲಾಖೆಗೇ ಇನ್ನೂ ತೀರ್ಮಾನವಾಗಿಲ್ಲ, ರೋಮ್‌ನವರಿಗೆ ಹೇಳುವುದು ಹೇಗೆ?

ಹೆಸರಿನದ್ದು ಮತ್ತೊಂದು ತಾಪತ್ರಯ. ಹಳೆಯ ಪಾಸ್‌ಪೋರ್ಟ್‌ಗಳಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟು ಒಂದೇ ಹೆಸರು ಬರೆಸಿಕೊಂಡವರು ನಮ್ಮಲ್ಲಿ ಬೇಕಾದಷ್ಟು. ನಮ್ಮ ಬಜ್ಪೆ ವಿಮಾನ ನಿಲ್ದಾಣದಿಂದ ನೇರ ಯುರೋಪಿಗೆ ವಿಮಾನ ಇಲ್ಲ, ‘ಅಂತಾರಾಷ್ಟ್ರೀಯ’ ಎಂದರೆ ನಮಗೆ ಹೆಚ್ಚಾಗಿ ಗಲ್ಫ್. ಅಲ್ಲಿ ಇಳಿದು ಎರಡು ದಿನ ಸುತ್ತಿ ಮುಂದೆ ಹೋಗೋಣ ಎಂದುಕೊಂಡರೆ, ಒಂಟಿ ಹೆಸರಿನವರಿಗೆ ಭೇಟಿ ವೀಸಾದಲ್ಲಿ ಪ್ರವೇಶವಿಲ್ಲ ಎಂದು ಯುಎಇ 2022ರ ನವೆಂಬರ್‌ನಲ್ಲೇ ಹೇಳಿದೆ. ಎರಡನೇ ಪುಟದಲ್ಲಿ ಅಪ್ಪನ ಹೆಸರಿದ್ದರೆ ನಡೆಯುತ್ತದೆ ಎಂದು ಆಮೇಲೆ ಸ್ವಲ್ಪ ಸಡಿಲಿಸಿತು. ಹಣ ಉಳಿಸಲು ದುಬಾಯಿ ತನಕ ಒಂದು ಟಿಕೆಟ್, ಅಲ್ಲಿಂದ ಬೇರೆ ಕಂಪನಿಯ ಇನ್ನೊಂದು ಟಿಕೆಟ್ ಎಂದು ತುಂಡು ಮಾಡುವವರೂ ನೆನಪಿಡಿ: ಬ್ಯಾಗ್ ನೀವೇ ಹೊರಗೆ ತೆಗೆದುಕೊಂಡು ಮತ್ತೆ ಕೊಡಬೇಕಾದರೆ ಅಲ್ಲಿನ ವೀಸಾವೂ ಬೇಕು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾರೂ ನಿಮ್ಮನ್ನು ಕೇಳುವವರಿಲ್ಲ.

ಬ್ಯಾಗ್ ಅಂದಾಗ ನೆನಪಾಯಿತು. ಯುರೋಪಿಯನ್ ಒಕ್ಕೂಟದ ಕಸ್ಟಮ್ಸ್ ನಿಯಮವನ್ನು ಸಾವಧಾನವಾಗಿ ಓದಬೇಕು, ಅಂಥ ಸಾಹಿತ್ಯ ಅದು. ಹೊರದೇಶದಿಂದ ಹಾಲಿನ ಉತ್ಪನ್ನ ತರುವಂತಿಲ್ಲ. ಅಂದರೆ ತುಪ್ಪ ಇಲ್ಲ, ಪೇಡಾ ಇಲ್ಲ. ಕರಿಬೇವಿನ ಸೊಪ್ಪಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಆದರೆ ಪ್ರಮಾಣಪತ್ರವೇ ಬೇಡದ ಐದು ಹಣ್ಣುಗಳ ಪಟ್ಟಿಯಲ್ಲಿ ತೆಂಗಿನಕಾಯಿ ಇದೆ, ಬಾಳೆಹಣ್ಣು ಇದೆ. ಮೀನು? ಒಣಗಿಸಿದ್ದೋ, ಬೇಯಿಸಿದ್ದೋ, ತಲೆಗೆ 20 ಕಿಲೋ ಒಯ್ಯಬಹುದು, ‘ಅಥವಾ ಒಂದು ಮೀನು, ಯಾವುದು ಹೆಚ್ಚು ಭಾರವೋ ಅದು’. ಹಸಿ ಮೀನಾದರೆ ಕರುಳು ತೆಗೆದಿರಬೇಕು, ಅಷ್ಟೇ. ಇದನ್ನು ಬರೆದವನು ಬ್ರಸೆಲ್ಸ್‌ನಲ್ಲಿ ಹುಟ್ಟಿರಲಿಕ್ಕಿಲ್ಲ, ಮಲ್ಪೆ ದಕ್ಕೆಯಲ್ಲಿ ಬೆಳೆದವನೇ ಇರಬೇಕು. ಉಡುಪಿ ರಥಬೀದಿಯವರು ತುಪ್ಪದ ಡಬ್ಬಿ ಕಸ್ಟಮ್ಸ್‌ನವರಿಗೆ ಒಪ್ಪಿಸಿ ನಿಂತಿರುವಾಗ ಪಕ್ಕದ ಸಾಲಿನಲ್ಲಿ ಒಬ್ಬರು ಇಡೀ ಅಂಜಲ್ ಮೀನು ಹೆಗಲ ಮೇಲೆ ಹೊತ್ತು ರಾಜಮರ್ಯಾದೆಯಲ್ಲಿ ದಾಟಬಹುದು. ಕಾನೂನಿನ ಅಡ್ಡಿ ಇಲ್ಲ. ವಿಮಾನದಲ್ಲಿ ಹಿಂದಿನ ಸೀಟಿನವರ ಅಡ್ಡಿ ಇರಬಹುದು.

ಇಷ್ಟೆಲ್ಲ ದಾಟಿದ ಮೇಲೆ ಊರು ನೋಡುವುದು. ಕೊಲೋಸಿಯಂ ಟಿಕೆಟ್ ಮೂವತ್ತು ದಿನ ಮೊದಲು ಬಿಡುತ್ತಾರೆ, ಹೆಸರು ಹಾಕಿ. ವೀಸಾ ತೀರ್ಮಾನಕ್ಕೆ ಹದಿನೈದು ದಿನ, ಎಳೆದರೆ ನಲವತ್ತೈದು. ಯಾವುದು ಮೊದಲು ಎಂಬುದು ಕೋಳಿ-ಮೊಟ್ಟೆ ಕಥೆ. ಲೂವ್ರ್ ಮಂಗಳವಾರ ಬಾಗಿಲು ಹಾಕುತ್ತದೆ, ಫ್ಲಾರೆನ್ಸಿನ ಉಫೀಜಿ ಸೋಮವಾರ. ಮಿಲಾನಿನಲ್ಲಿ ಲಿಯೊನಾರ್ಡೊನ ಕೊನೆಯ ಭೋಜನದ ಚಿತ್ರದ ಎದುರು ನಿಲ್ಲಲು ಹದಿನೈದೇ ನಿಮಿಷ. ನಮ್ಮ ಮದುವೆ ಹಾಲ್‌ನ ಊಟದ ಪಂಕ್ತಿಯೂ ಅಷ್ಟೇ, ಹಿಂದೆ ಕುರ್ಚಿ ಹಿಡಿದು ನಿಂತವರು ಮಾತ್ರ ಅಲ್ಲಿಲ್ಲ. ಎಟಿಎಂನಲ್ಲಿ ‘ರೂಪಾಯಿಯಲ್ಲಿ ಲೆಕ್ಕ ಮಾಡಲೇ?’ ಎಂದು ಪ್ರೀತಿಯಿಂದ ಕೇಳಿದರೆ ಬೇಡ ಎನ್ನಿ, ಆ ಪ್ರೀತಿಯ ದರ ಬಹಳ ದುಬಾರಿ.

1623ರಲ್ಲಿ ರೋಮ್‌ನ ಪಿಯೆತ್ರೊ ದೆಲ್ಲ ವಾಲೆ ಇದೇ ಮಂಗಳೂರಿಗೆ ಬಂದಿದ್ದ. ಅವನೂ ಸ್ವತಂತ್ರ ಪ್ರವಾಸಿಯೇ, ಊರು ನೋಡುತ್ತ ಸುತ್ತಿದವನು. ಪರ್ಷಿಯಾದಲ್ಲಿ ತೀರಿಕೊಂಡ ಹೆಂಡತಿಯ ಶವವನ್ನು ಪೆಟ್ಟಿಗೆಯಲ್ಲಿಟ್ಟು, ಭಾರತದ ದಾರಿಯಾಗಿ ರೋಮ್‌ಗೆ ಒಯ್ದು ಹೂಳಿದ ಆಸಾಮಿ. ಕದ್ರಿ ಗುಡ್ಡ ಹತ್ತಿ ಜೋಗಿಗಳ ಅರಸನನ್ನು ಕಂಡ. ಉಳ್ಳಾಲದ ರಾಣಿ ಅವನಿಗೆ ಸಿಕ್ಕಿದ್ದು ದಾರಿಯಲ್ಲೇ, ಕಾಲುವೆ ಕೆಲಸ ನೋಡಲು ಬರಿಗಾಲಲ್ಲಿ ಹೊರಟಿದ್ದವಳು ನಿಂತು ಮಾತಾಡಿಸಿದಳು. ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿದಂತೆ ಅವನ ಪತ್ರಗಳಲ್ಲಿಲ್ಲ.

ಅವನ ಊರಿಗೆ ಹೋಗಲು ಈಗ ನಮ್ಮವರಿಗೆ ಬರುವ ಉತ್ತರ ಒಂದು ಮುದ್ರಿತ ಫಾರಂ. ಅದರಲ್ಲಿ ಸಾಲು ಸಾಲು ಚೌಕ, ಒಂದು ಚೌಕಕ್ಕೆ ಗುರುತು: ವೀಸಾ ಅವಧಿ ಮುಗಿಯುವ ಮೊದಲು ಹಿಂತಿರುಗುವ ನಿಮ್ಮ ಉದ್ದೇಶದ ಬಗ್ಗೆ ಸಮಂಜಸವಾದ ಸಂಶಯವಿದೆ. ಮೂವತ್ತು ವರ್ಷ ಪಾಠ ಮಾಡಿ ನಿವೃತ್ತರಾದವರು, ಪಿಂಚಣಿಯಲ್ಲಿ ಉಳಿಸಿ ಒಮ್ಮೆ ರೋಮ್ ನೋಡಬೇಕೆಂದವರು, ಅವರು ಅಲ್ಲಿ ಅಡಗಿ ಕೂತು ಪಾತ್ರೆ ತೊಳೆಯುತ್ತಾರೆಂದು ಸಂಶಯ. ಯಾಕೆ ಆ ಸಂಶಯ ಎಂದು ಒಂದು ಸಾಲು ಇಲ್ಲ. ಉಳಿದುಬಿಡುವವರು ಇದ್ದಾರೆ, ಸುಳ್ಳಲ್ಲ. ಕರಾವಳಿಯಲ್ಲಿ ಹೊರದೇಶಕ್ಕೆ ಮಕ್ಕಳನ್ನು ಕಳಿಸದ ಮನೆಯೇ ಕಡಿಮೆ. ಆದರೆ ಪ್ರತಿ ಹಾಳೆ ಕೊಟ್ಟವರಿಗೆ, ಕೇಳಿದಷ್ಟು ದುಡ್ಡು ಕಟ್ಟಿದವರಿಗೆ ನೆಟ್ಟಗೆ ಒಂದು ಕಾರಣ ಹೇಳಲು ಏನು ಕಷ್ಟ? ಇದು ಜಾಗ್ರತೆ ಅಲ್ಲ, ಸೊಕ್ಕು.

ಹಿಂತಿರುಗುವ ಪುರಾವೆ ಬೇಕಿದ್ದರೆ ನಮ್ಮಲ್ಲಿದೆ. ಕುಟುಂಬದ ಮನೆಯ ಕೋಲದ ಆಮಂತ್ರಣ ಪತ್ರಿಕೆ ಲಗತ್ತಿಸಬಹುದು. ದೈವಕ್ಕೆ ಮಾತು ಕೊಟ್ಟು ತಪ್ಪಿಸಿಕೊಂಡು ಪ್ಯಾರಿಸ್‌ನಲ್ಲಿ ಕೂರುವ ಧೈರ್ಯ ಈ ಜಿಲ್ಲೆಯಲ್ಲಿ ಯಾರಿಗೂ ಇಲ್ಲ. ಆದರೆ ಅರ್ಜಿಯಲ್ಲಿ ಅದಕ್ಕೊಂದು ಕಾಲಂ ಇಲ್ಲ.

ಮತ್ತೆ, ಹತ್ತು ಬೆರಳಿನ ಅಚ್ಚು ಕೊಡಲು ಬೆಂಗಳೂರಿಗೇ ಹೋಗಬೇಕು. ಒಮ್ಮೆ ಕೊಟ್ಟರೆ 59 ತಿಂಗಳು ನಡೆಯುತ್ತದೆ ಎಂಬುದೇ ಸಮಾಧಾನ. ಜುಲೈ ತಿಂಗಳಾದರೆ ಬೆಳಗ್ಗೆ ಒಂಬತ್ತೂವರೆಯ ಸ್ಲಾಟಿಗೆ ಹಿಂದಿನ ರಾತ್ರಿಯಲ್ಲ, ಅದರ ಹಿಂದಿನ ರಾತ್ರಿಯೇ ಬಸ್ ಹತ್ತುವುದು ಕ್ಷೇಮ. ಶಿರಾಡಿಯಲ್ಲಿ ಗುಡ್ಡ ಜರಿದು, ಮುಂದೆ ಟ್ಯಾಂಕರ್, ಹಿಂದೆ ಟ್ಯಾಂಕರ್, ಗುಂಡ್ಯದ ಹತ್ತಿರ ಬಸ್ ನಿಂತು ನಾಲ್ಕು ಗಂಟೆಯಾದಾಗ, ಫೈಲ್ ಎದೆಗೊತ್ತಿಕೊಂಡು ಕೂತ ಅರ್ಜಿದಾರರಿಗೂ ತಾವು ವಾಪಸ್ ಮನೆ ಸೇರುವ ಬಗ್ಗೆ ಸಮಂಜಸವಾದ ಸಂಶಯ ಶುರುವಾಗುತ್ತದೆ.