‘ಕೋಡಿಯ ಅಣ್ಣ’ ಅಂತ ಮುಗಿಸಿಬಿಡಬೇಡಿ

ಈಗಷ್ಟೇ ಒಂದು ವಿಡಿಯೋ ನೋಡಿ ಮುಗಿಸಿದೆ. ಸಿಟ್ಟು ಇನ್ನೂ ಇಳಿದಿಲ್ಲ. ಹಾಗಾಗಿ ಇದು ಸ್ವಲ್ಪ ಉದ್ದವೇ ಆಗುತ್ತದೆ, ಸಹಿಸಿಕೊಳ್ಳಿ.

ಅಮೆರಿಕದ ಟಿವಿ ಕುಸ್ತಿಯಲ್ಲಿ ಅಪ್ಪನ ಹಿಂದೆಯೇ ರಿಂಗಿಗೆ ಇಳಿದ ಕುಸ್ತಿಪಟುಗಳ ಬಗ್ಗೆ ಮಾಡಿದ ವಿಡಿಯೋ ಅದು. ರಾಂಡಿ ಸ್ಯಾವೇಜ್ ಬಂದ, ಬ್ರೆಟ್ ಹಾರ್ಟ್ ಬಂದ, ಕರ್ಟ್ ಹೆನ್ನಿಗ್ ಬಂದ, ಷಾರ್ಲೆಟ್ ಫ್ಲೇರ್ ಬಂದಳು. ಕೋಡಿ ರೋಡ್ಸ್‌ಗಂತೂ ಎಲ್ಲರಿಗಿಂತ ಜಾಸ್ತಿ ಸಮಯ. ಯಾವುದಕ್ಕೂ ನನ್ನ ತಕರಾರಿಲ್ಲ. ಆದರೆ ಡಸ್ಟಿನ್ ರೋಡ್ಸ್? ಚಿನ್ನದ ಬಣ್ಣ ಬಳಿದ ಮುಖ ಒಂದು ಕ್ಷಣ ಕಾಣಿಸಿತು. "ಇವನು ಕೋಡಿಯ ಅಣ್ಣ" ಅಂದರು. ಅಷ್ಟೇ, ಮುಂದಿನ ಹೆಸರಿಗೆ ಹೋದರು.

1988ರಲ್ಲಿ ಶುರು ಮಾಡಿ 2025ರಲ್ಲೂ ಚಾಂಪಿಯನ್ ಬೆಲ್ಟ್ ಗೆದ್ದ ಮನುಷ್ಯನಿಗೆ ಇಷ್ಟೇನಾ? ಮೊದಲ 20 ವರ್ಷ ಅವನು ‘ಡಸ್ಟಿಯ ಮಗ’. ಆಮೇಲೆ ‘ಕೋಡಿಯ ಅಣ್ಣ’. ಅವನದೇ ಹೆಸರಲ್ಲಿ ಅವನನ್ನು ನೋಡಲು ಜನಕ್ಕೆ ಏನು ಕಷ್ಟ?

ಅಪ್ಪನ ಬಗ್ಗೆ ಹೇಳದೆ ಮುಂದೆ ಹೋಗಲು ಆಗುವುದಿಲ್ಲ. ಡಸ್ಟಿ ರೋಡ್ಸ್, ನಿಜವಾದ ಹೆಸರು ವರ್ಜಿಲ್ ರನ್ನೆಲ್ಸ್. ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಹುಟ್ಟಿದ ಪ್ಲಂಬರ್ ಮಗ. ದಪ್ಪ ಹೊಟ್ಟೆ, ಹಣೆಯ ತುಂಬಾ ಗಾಯದ ಗುರುತು. ನೋಡಿದರೆ ಆಟಗಾರ ಅಂತ ಅನ್ನಿಸುವ ಮೈಯಲ್ಲ. ಆದರೆ ಮೈಕ್ ಹಿಡಿದರೆ ಅವನ ಮುಂದೆ ನಿಲ್ಲುವವರು ಇರಲಿಲ್ಲ. 1985ರಲ್ಲಿ ರಿಕ್ ಫ್ಲೇರ್‌ಗೆ ಸವಾಲು ಹಾಕುತ್ತಾ ಅವನು ಆಡಿದ ‘ಹಾರ್ಡ್ ಟೈಮ್ಸ್’ ಮಾತುಗಳನ್ನು ಕೇಳಿ. ಬಟ್ಟೆ ಗಿರಣಿಯಲ್ಲಿ ಕೆಲಸ ಹೋದವರು, 30 ವರ್ಷ ದುಡಿದವನ ಕೈಗೆ ಒಂದು ವಾಚು ಕೊಟ್ಟು ಇನ್ನು ನಿನ್ನ ಜಾಗಕ್ಕೆ ಕಂಪ್ಯೂಟರ್ ಬಂತು ಅನ್ನುವ ಕಾಲ, ಇಂಥದ್ದೆಲ್ಲ ಅದರಲ್ಲಿ ಬರುತ್ತದೆ. ಕುಸ್ತಿಯ ಟಿವಿ ಕಾರ್ಯಕ್ರಮದಲ್ಲಿ ಹೀಗೆ ಮಾತಾಡಿದ ಮನುಷ್ಯ! ಕುಸ್ತಿ ಕಂಪನಿಗಳ ಒಕ್ಕೂಟವಾದ ಎನ್‌ಡಬ್ಲ್ಯುಎಯ ವಿಶ್ವ ಚಾಂಪಿಯನ್ ಪಟ್ಟ ಮೂರು ಸಲ. ಪಂದ್ಯಗಳ ಕಥೆ ಹೆಣೆಯುವ ಬುಕರ್ ಕೂಡ ಅವನೇ. ಅವನ ಹೆಸರು ಇಲ್ಲದೆ ಅಮೆರಿಕದ ಕುಸ್ತಿಯ ಚರಿತ್ರೆ ಬರೆಯಲು ಸಾಧ್ಯವೇ ಇಲ್ಲ.

ಈಗ ಇಂಥವನ ಮಗನಾಗಿ ಹುಟ್ಟಿ, ಅದೇ ಕೆಲಸಕ್ಕೆ ಇಳಿಯುವುದನ್ನು ಯೋಚಿಸಿ. ಅಪ್ಪ ನೆಟ್ಟ ಆಲದ ಮರ ಅಂತ ನಾವು ಆಡುವ ಗಾದೆ ಇದೆಯಲ್ಲ, ಡಸ್ಟಿನ್ ವಿಷಯದಲ್ಲಿ ಅದರ ಪೂರ್ತಿ ಭಾರ ಗೊತ್ತಾಗುತ್ತದೆ.

ಡಸ್ಟಿನ್ ಹುಟ್ಟಿದ್ದು 1969ರಲ್ಲಿ. ಕೋಡಿ ಹುಟ್ಟಿದ್ದು 1985ರಲ್ಲಿ. ಹದಿನಾರು ವರ್ಷದ ಅಂತರ. ಕೋಡಿ ಕುಸ್ತಿಗೆ ಬರುವ ಹೊತ್ತಿಗೆ ಡಸ್ಟಿ ಹಿರಿಯ, ಎಲ್ಲರೂ ಕೈ ಮುಗಿಯುವ ದಂತಕಥೆ. ಡಸ್ಟಿನ್ ಬಂದಾಗ ಹಾಗಿರಲಿಲ್ಲ. ಅಪ್ಪ ಇನ್ನೂ ರಿಂಗಿನಲ್ಲೇ ಇದ್ದ. ಅಪ್ಪನ ವೈರಿಗಳೂ ಇದ್ದರು. ಆಗ ಡಬ್ಲ್ಯುಡಬ್ಲ್ಯುಎಫ್‌ನಲ್ಲಿ (ಈಗಿನ ಡಬ್ಲ್ಯುಡಬ್ಲ್ಯುಇ ಕಂಪನಿ) ಟೆಡ್ ಡಿಬಿಯಾಸಿ ಅನ್ನುವ ಕುಸ್ತಿಪಟುವಿನ ಅಂಗರಕ್ಷಕನಿಗೆ ‘ವರ್ಜಿಲ್’ ಅಂತ ಹೆಸರಿಟ್ಟಿದ್ದರು, ಡಸ್ಟಿಯನ್ನು ಚುಚ್ಚಲು. 1991ರ ರಾಯಲ್ ರಂಬಲ್ ಕಾರ್ಯಕ್ರಮದಲ್ಲಿ ಅಪ್ಪ ಮಗ ಸೇರಿ ಅದೇ ಡಿಬಿಯಾಸಿ ಮತ್ತು ವರ್ಜಿಲ್ ಜೋಡಿಯ ಎದುರು ಆಡಿದರು, ಸೋತರು, ಕಂಪನಿ ಬಿಟ್ಟರು. ಡಸ್ಟಿನ್‌ಗೆ ಆಗ 21 ವರ್ಷ. ಅಪ್ಪನಿಗೆ ಆದ ಅವಮಾನದಲ್ಲಿ ಪಾಲು ತೆಗೆದುಕೊಂಡೇ ಅವನ ದೊಡ್ಡ ವೇದಿಕೆಯ ಬದುಕು ಶುರುವಾಯಿತು. ಕೋಡಿಗೆ ಇದು ಯಾವುದೂ ಇರಲಿಲ್ಲ. ಅಣ್ಣ ತಮ್ಮನನ್ನು ಒಂದೇ ತಕ್ಕಡಿಯಲ್ಲಿ ತೂಗುವವರು ಇದನ್ನು ಮರೆತೇಬಿಡುತ್ತಾರೆ.

ನಂತರ ಅದರ ಎದುರಾಳಿ ಕಂಪನಿ ಡಬ್ಲ್ಯುಸಿಡಬ್ಲ್ಯು. ‘ದ ನ್ಯಾಚುರಲ್’ ಅಂತ ಬಿರುದು. ಆ ಕಾಲದ ಪಂದ್ಯಗಳನ್ನು ದಯವಿಟ್ಟು ಹುಡುಕಿ ನೋಡಿ. ಆರೂವರೆ ಅಡಿ ಎತ್ತರದ ಹುಡುಗ. ಎದುರಾಳಿ ಹಗ್ಗಕ್ಕೆ ಬಡಿದು ವಾಪಸ್ ಓಡಿ ಬರುತ್ತಾನೆ. ಡಸ್ಟಿನ್ ಮುಂದೆ ಬಗ್ಗುತ್ತಾನೆ. ಈಗ ಎತ್ತಿ ಹಿಂದಕ್ಕೆ ಒಗೆಯುತ್ತಾನೆ ಅಂತ ಎಲ್ಲರ ಲೆಕ್ಕ. ಅಷ್ಟರಲ್ಲಿ ಅಷ್ಟೆತ್ತರದ ಮೈಯನ್ನು ಒಂದೇ ಸಲಕ್ಕೆ ನೆಲಕ್ಕೆ ಇಳಿಸಿ, ಕೆಳಗಿನಿಂದ ಮೇಲಕ್ಕೆ ಗದ್ದಕ್ಕೊಂದು ಗುದ್ದು. ಈ ಗುದ್ದನ್ನು ಅವನು 22ರಲ್ಲೂ ಹೊಡೆದ, 56ರಲ್ಲೂ ಹೊಡೆದ. ಇನ್ನೊಂದು, ಓಡಿ ಬಂದು ಎದೆಗೆ ಹಾರಲು ಹೋಗಿ, ಎದುರಾಳಿ ಪಕ್ಕಕ್ಕೆ ಸರಿದಾಗ ಮೇಲಿನ ಹಗ್ಗ ದಾಟಿ ಹೊರಗೆ ಬೀಳುವುದು. ಆ ಬೀಳುವಿಕೆಯಲ್ಲಿ ಎಷ್ಟು ಕಲೆ ಇದೆ ಗೊತ್ತಾ? ಪೆಟ್ಟು ಕೊಡುವುದನ್ನು ಯಾರು ಬೇಕಾದರೂ ಕಲಿಯಬಹುದು. ಹೀಗೆ ಬೀಳಲು ಧೈರ್ಯ ಬೇಕು. ರಿಕಿ ಸ್ಟೀಮ್‌ಬೋಟ್ ಜೊತೆ, ಬ್ಯಾರಿ ವಿಂಡಮ್ ಜೊತೆ ಜೋಡಿಯಾಗಿ ಆಡುವ ಟ್ಯಾಗ್ ಟೀಮ್ ಬೆಲ್ಟ್ ಗೆದ್ದ. ಯುನೈಟೆಡ್ ಸ್ಟೇಟ್ಸ್ ಚಾಂಪಿಯನ್ ಆದ.

"ಅಪ್ಪ ಇದ್ದ, ಅದಕ್ಕೇ ಬೆಲ್ಟ್ ಬಂತು" ಅನ್ನುವವರು ಇಲ್ಲಿ ಬರುತ್ತಾರೆ. ಬರಲಿ. ಅಪ್ಪ ಬಾಗಿಲು ತೆಗೆದದ್ದು ನಿಜ. 1991ರಲ್ಲಿ ಡಬ್ಲ್ಯುಸಿಡಬ್ಲ್ಯು ಬುಕರ್ ಆಗಿದ್ದವನೇ ಡಸ್ಟಿ. ಆದರೆ 1995ರಲ್ಲಿ ಓಡುವ ಲಾರಿಯ ಮೇಲೆ ಆಡಿಸಿದ ಒಂದು ಪಂದ್ಯದಲ್ಲಿ ರಕ್ತ ಹರಿಸಬಾರದು ಅನ್ನುವ ನಿಯಮ ಮುರಿದ ಅಂತ ಅದೇ ಕಂಪನಿ ಅವನನ್ನು ಕೆಲಸದಿಂದ ತೆಗೆಯಿತು. ಅಪ್ಪ ಆಗಲೂ ಅಲ್ಲೇ ಇದ್ದ. ಮಗನ ಕೆಲಸ ಉಳಿಯಲಿಲ್ಲ. ಮುಂದೆ ಡಸ್ಟಿನ್ ಹೆಸರು ಮಾಡಿದ್ದು ಎಲ್ಲಿ? ಅಪ್ಪನ ಕೈ ಆಡದ ಕಡೆ, ಅಪ್ಪನನ್ನು ಹಿಂದೆ ಚುಚ್ಚಿದ ಡಬ್ಲ್ಯುಡಬ್ಲ್ಯುಎಫ್‌ನಲ್ಲಿ! ಈ ವಾದಕ್ಕೆ ಇದಕ್ಕಿಂತ ಜಾಸ್ತಿ ಉತ್ತರ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ.

1995ರ ಅಕ್ಟೋಬರ್‌ನಲ್ಲಿ ಡಸ್ಟಿನ್ ಅಲ್ಲಿಗೆ ‘ಗೋಲ್ಡಸ್ಟ್’ ಅನ್ನುವ ಪಾತ್ರವಾಗಿ ಬಂದ. ಮೈಗೆ ಅಂಟಿದ ಚಿನ್ನದ ಬಣ್ಣದ ಉಡುಪು, ಹೊಂಬಣ್ಣದ ವಿಗ್, ಮುಖದ ತುಂಬಾ ಬಣ್ಣ, ಕಣ್ಣಿನ ಸುತ್ತ ಕಪ್ಪು. ಹಾಲಿವುಡ್ ಹುಚ್ಚಿನ, ಗಂಡೋ ಹೆಣ್ಣೋ ಅಂತ ಜನ ತಬ್ಬಿಬ್ಬಾಗುವ ಪಾತ್ರ. ಇವತ್ತು ನೋಡಿದರೆ ಆ ಕಥೆಗಳಲ್ಲಿ ಹಲವು ಕೆಟ್ಟವು. ಸಲಿಂಗಿಗಳ ಬಗ್ಗೆ ಜನರಲ್ಲಿದ್ದ ಅಸಹ್ಯವನ್ನೇ ಬಂಡವಾಳ ಮಾಡಿಕೊಂಡರು. ಜನ ಬಾಯಿಗೆ ಬಂದಂತೆ ಕೂಗುತ್ತಿದ್ದರು. ಅದನ್ನು ನಾನು ಯಾವತ್ತೂ ಸಮರ್ಥಿಸುವುದಿಲ್ಲ. ಆದರೆ ಆ ಪಾತ್ರವನ್ನು ಹೊತ್ತವನ ಕೆಲಸ ನೋಡಿ. ನಿಧಾನಕ್ಕೆ ನಡೆದು ಬರುವುದು, ಉದ್ದಕ್ಕೆ ಉಸಿರು ಎಳೆದುಕೊಳ್ಳುವುದು, ಕೈಗಳನ್ನು ಎದೆಯ ಮೇಲೆ ಸರಿಸುವುದು. ಒಂದು ಏಟೂ ಹೊಡೆಯದೆ ಇಡೀ ಸ್ಟೇಡಿಯಂ ಅನ್ನು ಕುರ್ಚಿಯ ತುದಿಗೆ ತಂದು ಕೂರಿಸುತ್ತಿದ್ದ. 1996ರ ಜನವರಿಯಲ್ಲಿ ರೇಜರ್ ರಾಮನ್‌ನನ್ನು ಸೋಲಿಸಿ ಇಂಟರ್‌ಕಾಂಟಿನೆಂಟಲ್ ಚಾಂಪಿಯನ್ ಆದ. ಬೇರೆ ಯಾರಿಗೆ ಕೊಟ್ಟಿದ್ದರೂ ಆ ಪಾತ್ರ ಆರು ತಿಂಗಳು ಬಾಳುತ್ತಿರಲಿಲ್ಲ.

ನನಗೆ ಅದರಲ್ಲಿ ಇನ್ನೊಂದು ವಿಷಯ ಕಾಣುತ್ತದೆ. ಮೊದಲ ಸಲ ಅವನ ಹೆಸರಿನಲ್ಲಿ ‘ರೋಡ್ಸ್’ ಇರಲಿಲ್ಲ. ಮೊದಲ ಸಲ ಅವನ ಮುಖದಲ್ಲಿ ಯಾರಿಗೂ ಡಸ್ಟಿ ಕಾಣಲಿಲ್ಲ. ಅಪ್ಪನಿಂದ ದೂರ ನಿಲ್ಲಲು ಅವನಿಗೆ ಸಿಕ್ಕ ಜಾಗ ಆ ಬಣ್ಣದ ಹಿಂದೆ ಮಾತ್ರ. ಅದೇ ಕಾಲದಲ್ಲಿ ಅಪ್ಪ ಮಗನ ನಡುವೆ ಮಾತು ನಿಂತಿತು, ವರ್ಷಗಟ್ಟಲೆ. ಇದನ್ನು ಡಸ್ಟಿನ್ನೇ ಹೇಳಿಕೊಂಡಿದ್ದಾನೆ.

ನನ್ನ ವಿಷಯ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ನಮ್ಮಪ್ಪ ಮೇಷ್ಟ್ರು. ನಾನೂ ಅದೇ ಕೆಲಸಕ್ಕೆ ಸೇರಿದೆ. ಪಾಠ ಚೆನ್ನಾಗಿ ಆದ ದಿನ "ರಕ್ತದಲ್ಲೇ ಇದೆ ಬಿಡಿ" ಅನ್ನುತ್ತಿದ್ದರು. ಚೆನ್ನಾಗಿ ಆಗದ ದಿನ "ಮೇಷ್ಟ್ರ ಹಾಗೆ ಇಲ್ಲ" ಅನ್ನುತ್ತಿದ್ದರು. ಎರಡರಲ್ಲೂ ನಾನು ಇರಲಿಲ್ಲ. ಅಪ್ಪ ಅಂದರೆ ಜೀವ. ಆದರೂ ಅಪ್ಪನ ಹೆಸರು ಎತ್ತಿದರೆ ಮೈ ಉರಿಯುತ್ತಿತ್ತು. ಇದನ್ನು ಅಪ್ಪನಿಗೆ ಹೇಳಲು ಆಗಲೇ ಇಲ್ಲ. ಡಸ್ಟಿನ್ ವಿಷಯದಲ್ಲಿ ನನಗೆ ಯಾಕೆ ಇಷ್ಟು ಸಿಟ್ಟು ಅಂತ ಕೇಳುವವರಿಗೆ ಇದೇ ಉತ್ತರ.

ಮುಂದಿನ ವರ್ಷಗಳು ಕಷ್ಟದವು. ಕುಡಿತ, ಮಾದಕ ವಸ್ತು. ಕಂಪನಿಗಳು ತೆಗೆದುಕೊಳ್ಳುವುದು, ಬಿಡುವುದು. 2008ರಲ್ಲಿ ಅವನು ಎಲ್ಲವನ್ನೂ ಬಿಟ್ಟ. ಅಂದಿನಿಂದ ಮುಟ್ಟಿಲ್ಲ. ಆ ಕಾಲದ ಎಷ್ಟು ಕುಸ್ತಿಪಟುಗಳು 50 ತುಂಬುವ ಮೊದಲೇ ಹೋಗಿಬಿಟ್ಟರು ಅಂತ ಈ ಆಟ ನೋಡುವ ನಿಮಗೆ ಹೇಳಬೇಕಾಗಿಲ್ಲ. ಬದುಕಿ ಉಳಿದದ್ದೇ ದೊಡ್ಡದು. ಅವನು ಉಳಿದು ಸುಮ್ನೆ ಕೂರಲಿಲ್ಲ, ಮೊದಲಿಗಿಂತ ಚೆನ್ನಾಗಿ ಆಡಿದ.

2013ರ ಅಕ್ಟೋಬರ್, ಬಫಲೋ. ಡಬ್ಲ್ಯುಡಬ್ಲ್ಯುಇಯ ಬ್ಯಾಟಲ್‌ಗ್ರೌಂಡ್ ಕಾರ್ಯಕ್ರಮ. ಕಥೆಯ ಪ್ರಕಾರ ಕೋಡಿ ಕೆಲಸ ಕಳೆದುಕೊಂಡಿದ್ದಾನೆ. ಸೋತರೆ ಕಂಪನಿಯ ತರಬೇತಿ ವಿಭಾಗವಾದ ಎನ್‌ಎಕ್ಸ್‌ಟಿಯಲ್ಲಿ ಹುಡುಗರಿಗೆ ಕಲಿಸುತ್ತಿರುವ ಡಸ್ಟಿಯ ಕೆಲಸವೂ ಹೋಗುತ್ತದೆ. ಎದುರಿಗೆ ಸೆತ್ ರಾಲಿನ್ಸ್, ರೋಮನ್ ರೇನ್ಸ್. ಡಸ್ಟಿನ್‌ಗೆ 44. ಪೆಟ್ಟು ತಿನ್ನುವ ಕೆಲಸ ಪೂರ್ತಿ ಅವನದೇ. ಸಾಕು ಬಿಡಪ್ಪ ಅನ್ನಿಸುವಷ್ಟು ತಿಂದು, ತೆವಳಿಕೊಂಡು ಹೋಗಿ ತಮ್ಮನ ಕೈ ಮುಟ್ಟಿ ಅವನನ್ನು ಆಟಕ್ಕೆ ಇಳಿಸುತ್ತಾನೆ. ಆಮೇಲೆ ಜನ ಎದ್ದದ್ದು ಕೋಡಿಗಾಗಿ. ಹಾಗೆ ಎಬ್ಬಿಸಿದ್ದು ಯಾರು? ರಿಂಗಿನ ಪಕ್ಕದಲ್ಲಿ ನಿಂತಿದ್ದ ಡಸ್ಟಿ, ಎದುರಾಳಿಗಳ ಜೊತೆಗಾರ ಡೀನ್ ಆಂಬ್ರೋಸ್‌ಗೆ ತನ್ನ ಹಳೇ ಮೊಣಕೈ ಏಟು ಕೊಡುತ್ತಾನೆ. ಕೋಡಿ ಎದುರಾಳಿಯನ್ನು ನೆಲಕ್ಕೆ ಒತ್ತಿ ಹಿಡಿದು ಗೆಲ್ಲುತ್ತಾನೆ. ಮೂವರೂ ತಬ್ಬಿಕೊಳ್ಳುತ್ತಾರೆ. ಒಂದು ವಾರಕ್ಕೆ ಟ್ಯಾಗ್ ಟೀಮ್ ಬೆಲ್ಟೂ ಬಂತು.

"ಎಲ್ಲ ಮೊದಲೇ ನಿಶ್ಚಯ ಆಗಿರುತ್ತದಲ್ಲ" ಅನ್ನುವವರಿಗೆ: ಗೆಲ್ಲುವವರು ಯಾರು ಅನ್ನುವುದು ನಿಶ್ಚಯ. ಬೀಳುವ ಮೈ, ಸವೆಯುವ ಮಂಡಿ ನಿಜ.

ಅಣ್ಣ ತಮ್ಮ ಎದುರುಬದುರಾಗುವ ಪಂದ್ಯ ಡಬ್ಲ್ಯುಡಬ್ಲ್ಯುಇಯ ವರ್ಷದ ಅತಿ ದೊಡ್ಡ ಕಾರ್ಯಕ್ರಮ ವ್ರೆಸಲ್‌ಮೇನಿಯಾದಲ್ಲಿ ಆಗಬೇಕು ಅಂತ ಇಬ್ಬರಿಗೂ ಆಸೆ ಇತ್ತು. ಕಂಪನಿ ಅದನ್ನು 2015ರ ಫಾಸ್ಟ್‌ಲೇನ್ ಅನ್ನುವ ಸಣ್ಣ ಕಾರ್ಯಕ್ರಮದಲ್ಲಿ ಚುಟುಕಾಗಿ ಮುಗಿಸಿತು. ಅದೇ ವರ್ಷ ಜೂನ್ 11ಕ್ಕೆ ಡಸ್ಟಿ ತೀರಿಕೊಂಡ. ಮಕ್ಕಳಿಬ್ಬರ ಒಳ್ಳೇ ಪಂದ್ಯವನ್ನು ಅಪ್ಪ ನೋಡಲೇ ಇಲ್ಲ. ನನಗೆ ಈಗಲೂ ಇದು ನುಂಗಲು ಆಗುವುದಿಲ್ಲ.

ಆ ಒಳ್ಳೇ ಪಂದ್ಯ ನಡೆದದ್ದು 2019ರ ಮೇ 25ರಂದು, ಲಾಸ್ ವೇಗಸ್‌ನಲ್ಲಿ. ಎಇಡಬ್ಲ್ಯು ಅನ್ನುವ ಹೊಸ ಕುಸ್ತಿ ಕಂಪನಿಯ ಮೊದಲ ಕಾರ್ಯಕ್ರಮ, ಡಬಲ್ ಆರ್ ನಥಿಂಗ್. ಡಸ್ಟಿನ್‌ಗೆ 50 ತುಂಬಿ ಒಂದೂವರೆ ತಿಂಗಳು ಆಗಿತ್ತು. ಅರ್ಧ ಮುಖಕ್ಕೆ ಬಣ್ಣ, ಅರ್ಧ ಖಾಲಿ. ಪಂದ್ಯದ ನಡುವೆ ತಲೆ ಒಡೆದು ರಕ್ತ ಸುರಿಯಿತು. ಸ್ವಲ್ಪ ಹೊತ್ತಿಗೆ ಎಲ್ಲಿ ಬಣ್ಣ, ಎಲ್ಲಿ ರಕ್ತ ಗೊತ್ತಾಗದ ಹಾಗೆ ಆಯಿತು. ಕಣ್ಣಿಗೆ ಇಳಿಯುತ್ತಿದ್ದುದನ್ನು ಒರೆಸಿಕೊಂಡು ಮತ್ತೆ ಎದ್ದು ನಿಂತ. ಮೇಲಿಂದ ಮೇಲೆ ಎದ್ದು ನಿಂತ. ಆ ಗುದ್ದೂ ಬಂತು, ನೆಲಕ್ಕೆ ಇಳಿದು ಹೊಡೆಯುವುದು. ಕೊನೆಗೆ ಸೋತ. ನಿವೃತ್ತಿಯ ಮಾತಿಗೆ ಕೋಡಿ ಅವಕಾಶವನ್ನೇ ಕೊಡಲಿಲ್ಲ. ಮುಂದಿನ ಪಂದ್ಯಕ್ಕೆ ಜೊತೆಗಾರ ಬೇಕಾಗಿಲ್ಲ, ಗೆಳೆಯ ಬೇಕಾಗಿಲ್ಲ, ಅಣ್ಣ ಬೇಕು ಅಂದ. ಇಬ್ಬರೂ ರಿಂಗಿನ ನಡುವೆ ತಬ್ಬಿಕೊಂಡು ಅತ್ತರು. ನಾನೂ ಅತ್ತೆ. ಎಷ್ಟು ಸಲ ನೋಡಿದರೂ ಅಳುತ್ತೇನೆ.

ಇವತ್ತಿನ ವಿಡಿಯೋದಲ್ಲಿ ಈ ಪಂದ್ಯವನ್ನೂ ತೋರಿಸಿದರು, "ಕೋಡಿಯ ಅತ್ಯುತ್ತಮ ಪಂದ್ಯಗಳಲ್ಲಿ ಒಂದು" ಅಂತ! ರಕ್ತ ಯಾರದು ಸ್ವಾಮಿ?

ಕೋಡಿ ಮೇಲೆ ನನಗೆ ಪ್ರೀತಿಯೇ ಇದೆ. 1977ರಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ, ಈಗಿನ ಡಬ್ಲ್ಯುಡಬ್ಲ್ಯುಇಯ ದೊಡ್ಡ ಬೆಲ್ಟಿಗಾಗಿ ಆಡಿ ಡಸ್ಟಿ ಪಂದ್ಯ ಗೆದ್ದ. ಎದುರಾಳಿ ಎಣಿಕೆ ಮುಗಿಯುವುದರೊಳಗೆ ರಿಂಗಿಗೆ ಮರಳದೆ ಸೋತ ಕೌಂಟ್ ಔಟ್ ಅದು, ಆದ್ದರಿಂದ ಬೆಲ್ಟ್ ಮಾತ್ರ ಸಿಗಲಿಲ್ಲ. 2024ರ ಏಪ್ರಿಲ್ 7ರಂದು ಫಿಲಡೆಲ್ಫಿಯಾದಲ್ಲಿ ರೋಮನ್ ರೇನ್ಸ್‌ನ 1,316 ದಿನಗಳ ಆಳ್ವಿಕೆ ಮುಗಿಸಿ, ಆ ಕಂಪನಿಯ ದೊಡ್ಡ ಬೆಲ್ಟನ್ನು ಕೋಡಿ ಮನೆಗೆ ತಂದ. ಚಂದದ ಕಥೆ. ಆದರೆ ಎಲ್ಲರ ಬದುಕನ್ನೂ ಅದೇ ಬೆಲ್ಟಿನಿಂದ ಅಳೆದರೆ ಹೇಗೆ? ಡಸ್ಟಿನ್ ಒಮ್ಮೆಯೂ ವಿಶ್ವ ಚಾಂಪಿಯನ್ ಆಗಲಿಲ್ಲ, ನಿಜ. ಅವನ ಜೊತೆ ಆಡಿ ದೊಡ್ಡವರಾದವರ ಪಟ್ಟಿಯನ್ನು ಯಾರೂ ಮಾಡುವುದಿಲ್ಲ. ಟೆಕ್ಸಾಸ್‌ನಲ್ಲಿ ಅವನು ನಡೆಸುವ ಕುಸ್ತಿ ಶಾಲೆಯ ಬಗ್ಗೆ ಯಾರೂ ವಿಡಿಯೋ ಮಾಡುವುದಿಲ್ಲ.

2025ರ ಜುಲೈ 12. ಹುಟ್ಟಿದ ರಾಜ್ಯದಲ್ಲೇ, ಆರ್ಲಿಂಗ್ಟನ್‌ನ ಬೇಸ್‌ಬಾಲ್ ಸ್ಟೇಡಿಯಂನಲ್ಲಿ, ತನ್ನ ಅರ್ಧ ವಯಸ್ಸಿನ ಹುಡುಗರ ಜೊತೆ ನಾಲ್ಕು ಜನರ ಪಂದ್ಯ ಆಡಿ, 56ನೇ ವಯಸ್ಸಿನಲ್ಲಿ ಟಿಎನ್‌ಟಿ ಚಾಂಪಿಯನ್ ಆದ. ಎಇಡಬ್ಲ್ಯುನಲ್ಲಿ ಅವನೊಬ್ಬನದೇ ಅಂತ ಬಂದ ಮೊದಲ ಬೆಲ್ಟ್. ತಿಂಗಳು ತುಂಬುವ ಮೊದಲೇ ಕೈಲ್ ಫ್ಲೆಚರ್‌ಗೆ ಸೋತ. ಆಮೇಲೆ ಎರಡೂ ಮಂಡಿಗೆ ಶಸ್ತ್ರಚಿಕಿತ್ಸೆ. 1988ರಿಂದ ಹಗ್ಗ ದಾಟಿ ಬಿದ್ದು ಬಿದ್ದು ಸವೆದ ಮಂಡಿಗಳು ಅವು.

ವಾದ ಮಾಡುವವರು ಮಾಡಿ, ನಾನು ಇಲ್ಲೇ ಇರುತ್ತೇನೆ. ಅದಕ್ಕೆ ಮೊದಲು ಎರಡು ಪಂದ್ಯ ನೋಡಿಕೊಂಡು ಬನ್ನಿ: 2013ರ ಬ್ಯಾಟಲ್‌ಗ್ರೌಂಡ್, 2019ರ ಡಬಲ್ ಆರ್ ನಥಿಂಗ್. ಕೋಡಿಯನ್ನು ಬಿಟ್ಟು, ಪೂರ್ತಿ ಹೊತ್ತು ಡಸ್ಟಿನ್‌ನನ್ನೇ ನೋಡಿ.